ಸೈಕಲ್ಲಿನ ಹಿಂದಿನ ಡಿಸ್ಕ್ ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ

ಪ್ರಶ್ನೆ: ಶಿಮಾನೊ ಎಂಟಿ200 ಹೈಡ್ರಾಲಿಕ್ (ಎಣ್ಣೆ ಒತ್ತಡದ) ಬ್ರೇಕ್, ರೆಸಿನ್ (ರಾಳದ) ಪ್ಯಾಡ್. ಒಣ ದಾರಿಯಲ್ಲೂ ಕೀಚಲು ಸದ್ದು, ಹಿಡಿತ ಕಡಿಮೆ. ಲಿವರ್ ಗಟ್ಟಿಯಾಗಿದೆ, ಪ್ಯಾಡ್ ಅರ್ಧ ಉಳಿದಿದೆ. ಉಜ್ಜಿದರೆ ಸಾಕಾ?

ಉತ್ತರ 1: ಲಿವರ್ ಗಟ್ಟಿ ಇದ್ದೂ ಹಿಡಿಯದಿದ್ದರೆ ಬ್ರೇಕ್ ಪೈಪಿನೊಳಗೆ ಗಾಳಿ ಸೇರಿದ ತೊಂದರೆಯಲ್ಲ, ಪ್ಯಾಡಿಗೆ ಎಣ್ಣೆ ತಾಗಿರಬೇಕು. ಚೈನಿಗೆ ಸ್ಪ್ರೇ ಹೊಡೆದಾಗ ರೋಟರ್ (ಬ್ರೇಕಿನ ಡಿಸ್ಕ್) ಮೇಲೆ ಹಾರುವುದೇ ಹೆಚ್ಚು. ಹನಿ ಬಾಟಲಿ ಬಳಸಿ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ, ಪ್ರತಿ ಸಲ ಬಟ್ಟೆಯ ಹೊಸ ಜಾಗದಿಂದ. ಪ್ಯಾಡ್ ಮೇಲ್ಮೈ ಬರೀ ಹೊಳೆಯುತ್ತಿದ್ದರೆ 120 ನಂಬರ್ ಮರಳು ಕಾಗದದಲ್ಲಿ ಉಜ್ಜಿ. ಎಣ್ಣೆ ಒಳಗೆ ಇಳಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಹೊಸ ಪ್ಯಾಡ್ ಹಾಕಿ. ಎಣ್ಣೆ ಹೋಗಲೆಂದು ಪ್ಯಾಡನ್ನು ಒಲೆಯ ಮೇಲೆ ಸುಡುವ ಉಪಾಯ ನನಗಂತೂ ಒಪ್ಪಿಗೆಯಿಲ್ಲ.

ಉತ್ತರ 2: ಹೊಸದು ಹಾಕುವ ಮೊದಲು ಪ್ಯಾಡನ್ನು ಒತ್ತುವ ಪಿಸ್ಟನ್ ಸುತ್ತ ಒದ್ದೆ ಇದೆಯಾ ನೋಡಿ ಸರ್. ಇದ್ದರೆ ಸೀಲ್ ಸೋರುತ್ತಿದೆ, ಕ್ಯಾಲಿಪರನ್ನೇ (ಪ್ಯಾಡ್, ಪಿಸ್ಟನ್ ಇರುವ ಭಾಗ) ಬದಲಿಸಬೇಕು. ಬದಲಿಸದಿದ್ದರೆ ಹೊಸ ಪ್ಯಾಡೂ ಹಾಳು. ಈ ಬ್ರೇಕಿನೊಳಗೆ ಮಿನರಲ್ ಆಯಿಲ್ ಮಾತ್ರ. ಡಾಟ್ ಫ್ಲೂಯಿಡ್ (ಕಾರು, ಬೈಕಿನ ಬ್ರೇಕ್ ದ್ರವ) ಹಾಕಿದರೆ ಸೀಲ್ ಕೆಡುತ್ತದೆ. ರೋಟರ್ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದಿದ್ದರೆ ಮೆಟಲ್ ಪ್ಯಾಡ್ ಬೇಡ.

ಉತ್ತರ 3: ಬೆಡ್-ಇನ್ (ಬ್ರೇಕ್ ಹಿಡಿದು ಹಿಡಿದು ಹೊಸ ಪ್ಯಾಡನ್ನು ರೋಟರಿಗೆ ಹೊಂದಿಸುವುದು) ಮರೆಯಬೇಡಿ. 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದಂತೆ, ಸುಮಾರು 20 ಸಲ. ಸದ್ದು ಉಳಿದರೆ ಕ್ಯಾಲಿಪರ್ ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದು 6–8 ನ್ಯೂಟನ್ ಮೀಟರಿಗೆ ಬಿಗಿಮಾಡಿ. ಚಕ್ರದ ಸುತ್ತಿಗೊಮ್ಮೆ ಮಾತ್ರ ‘ಸರ್’ ಎಂದು ಉಜ್ಜುವ ಸದ್ದು ಬಂದರೆ ಅದು ಎಣ್ಣೆಯಲ್ಲ, ಬಾಗಿದ ರೋಟರ್.