ಹೋಲ್ಡ್‌ಗೆ ಇಟ್ಟ ಫೋನ್ ಕಟ್ ಆಗ್ಲಾರ್ದಂಗ ಏನ್ ಕೇಳಿಸ್ಬೇಕು?

ತೊಗರಿ_ಅಡತ್, ಕಲಬುರಗಿ
ನೆಹರು ಗಂಜಿನಾಗ ಅಡತ್ (ದಲ್ಲಾಲಿ) ಅಂಗಡಿ. ಇಪಿಎಬಿಎಕ್ಸ್‌ಗೆ (ಅಂಗಡಿ ಫೋನ್ ಎಲ್ಲಾ ಕೂಡಿಸೋ ಡಬ್ಬಿ) ನಾಲ್ಕು ಲೈನ್, ಫೋನ್ ಎತ್ತೋರು ಇಬ್ಬರ. ಡಿಸೆಂಬರ್-ಜನವರಿಗೆ ತೊಗರಿ ಬರೂಮುಂದ ಧಾರಣಿ ಕೇಳೋ ಫೋನ ಭಾಳ. ಹೋಲ್ಡ್‌ಗೆ ಎಂಪಿ3 ಪ್ಲೇಯರಿನಿಂದ ಸಿನಿಮಾ ಹಾಡು ಕೊಟ್ಟದ. ನೀರಾಗ ಮುಳುಗಿದಂಗ ಕೇಳ್ತದ, ಹಿಂದ ಗುಂಯ್ ಅಂತ ಬ್ಯಾರೆ. ರೈತರು ಕಟ್ ಮಾಡಿ ಮತ್ತ ಹಚ್ತಾರ.

ಬೀದರ್_ವೈರಿಂಗ್
ಇವು ಎರಡು ಬ್ಯಾರೆ ಬ್ಯಾರೆ ತೊಂದ್ರಿ ಅವ್ರಿ. ಪ್ಲೇಯರಿನ ಅಡಾಪ್ಟರ್ ಕಿತ್ತಿ ಬ್ಯಾಟರಿ ಮ್ಯಾಲ ನಡಸ್ರಿ. ಗುಂಯ್ ನಿಂತ್ರ ಅದು ಅಡಾಪ್ಟರಿನ ಕಡಿಂದ ಬರೂದು, ಭಾಳ ಸಲ ಅರ್ಥಿಂಗ್ ಲೂಪ್ (ಎರಡು ಕಡಿ ಅರ್ಥಿಂಗ್ ಸೇರಿ ಕರೆಂಟಿನ ಸದ್ದು ಒಳಗ ಬರೂದು). ಪ್ಲೇಯರ್-ಇಪಿಎಬಿಎಕ್ಸ್ ನಡುವ 600 ಓಮಿನ 1:1 ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕ್ರಿ.

ಇನ್ನ ಹಾಡು. ಮಾಮೂಲಿ ಫೋನ್ ಲೈನಿನಾಗ ದಾಟೂದು ಸುಮಾರು 300ರಿಂದ 3400 ಹರ್ಟ್ಜ್ ಅಷ್ಟ. ಅದರಾಗ ಮೊಬೈಲಿನ ಕೋಡೆಕ್ (ದನಿ ಕುಗ್ಗಿಸಿ ಕಳಸೋ ವಿಧಾನ) ಮಾತಿಗಂತ ಮಾಡಿದ್ದು; ತಬಲಾ, ವಯೋಲಿನ್, ಕೋರಸ್ ಕೂಡೇ ಬಂದ್ರ ಎಲ್ಲಾ ಕಲಸಿ ಗಂಜಿ ಮಾಡ್ತದ. ಒಂಟಿ ಕೊಳಲು ನಡೀತದ, ಮಾತು ಅದಕ್ಕಿಂತ ಛಲೋ. ಸಿನಿಮಾ ಹಾಡಿಗೆ ಲೈಸೆನ್ಸ್ ಸೈತ ಬೇಕು, ಅದನ್ನ ಬಿಟ್ಟೇ ಬಿಡ್ರಿ. ಆಡಾಸಿಟಿ ಅನ್ನೋ ಆಡಿಯೊ ಸಾಫ್ಟ್‌ವೇರಿನಾಗ ಮೊನೊ ಮಾಡಿ, 300ರ ಕೆಳಗ, 3400ರ ಮ್ಯಾಲ ಕತ್ತರಿಸಿ, ಪೀಕ್ ಮೈನಸ್ 6 ಡೆಸಿಬೆಲ್‌ಗೆ ಇಳಸ್ರಿ. ಕೇಳಿ ನೋಡೂದು ಮೊಬೈಲಿನಿಂದ. ಅಂಗಡಿಯೊಳಗಿನ ಪಕ್ಕದ ಎಕ್ಸ್‌ಟೆನ್ಶನ್‌ನಾಗ ಎಲ್ಲಾನೂ ಛಲೋನ ಕೇಳ್ತದ.

ಕ್ಯೂ_ಮಾಸ್ತರ
ಹೊರಗಿನ ಪ್ಲೇಯರ್ ಇದ್ರ ಎಲ್ಲಾ ಲೈನಿಗೂ ಒಂದ ಧ್ವನಿ ಹೋಗ್ತದ, ಫೋನ್ ಮಾಡಿದವ್ರು ನಟ್ಟನಡುವ ಬಂದು ಬೀಳ್ತಾರ. ಅದಕ್ಕ ಒಂದು ನಿಮಿಷದ ಭಾಷಣ ಬ್ಯಾಡ. 8-10 ಸೆಕೆಂಡಿನ ಮಾತು, 15 ಸೆಕೆಂಡ್ ಕೊಳಲು, ಮತ್ತ ಮಾತು. "ನಿಮ್ಮ ಕರೆ ನಮಗೆ ಮುಖ್ಯ" ಅನ್ನೂದನ್ನ ತೆಗೀರಿ, ಅದನ್ನ ಯಾರೂ ನಂಬಂಗಿಲ್ಲ. ಅವ್ರು ಕೇಳಾಕ ಬಂದಿದ್ದ ಧಾರಣೀನ ಹೇಳ್ರಿ: "ಇವತ್ತು ಜನವರಿ 12. ತೊಗರಿ ಕ್ವಿಂಟಲಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು." ಮುಂದಿನ ತುಂಡಿನಾಗ ಅದನ್ನ ದಖ್ಖನಿ ಉರ್ದುವಿನಾಗ.

ತೊಗರಿ_ಅಡತ್
ಧಾರಣಿ ಕೇಳಿ ಫೋನ್ ಇಟ್ಟುಬಿಟ್ರ?

ಕ್ಯೂ_ಮಾಸ್ತರ
ಇಡ್ಲಿ ಬಿಡ್ರಿ. ಅವ್ರ ಕೆಲಸ ಆತು, ನಿಮ್ಮ ಒಂದು ಲೈನ್ ಖಾಲಿ ಆತು. ಮಾಲ್ ತರೋರು ನಿಲ್ತಾರ. ಅವ್ರಿಗಂತ ಮೂರನೇ ತುಂಡಿನಾಗ ಚೀಲ, ತೇವ, ಗಾಡಿ ನಿಲ್ಲೋ ಜಾಗ ಹೇಳ್ರಿ. ಆದ್ರ ತಾರೀಖು ಇಲ್ಲದ ಧಾರಣಿ ಹಾಕಬ್ಯಾಡ್ರಿ. ನಿನ್ನಿ ರೇಟ್ ಕೇಳಿ ಗಾಡಿ ಹೊಡಕೊಂಡ್ ಬಂದವ್ರು ಅಂಗಡಿ ಮುಂದ ಜಗಳಕ್ಕ ನಿಲ್ತಾರ. ಟೆಂಡರ್ (ಧಾರಣಿ ಗೊತ್ತುಮಾಡೂದು) ಆದಮ್ಯಾಲ ದಿನಾ ರೆಕಾರ್ಡ್ ಬದಲಾಗ್ಬೇಕು. ಬೆಳಿಗ್ಗಿ ಅಂಗಡಿ ತೆರದಕೂಡ್ಲೆ ಹಳೇದನ್ನ ತೆಗೀರಿ.

ಆಸ್ಟರಿಸ್ಕ್_ಯಾದಗಿರಿ
ಮುಂದ ಐಪಿ (ನೆಟ್‌ವರ್ಕ್ ಮ್ಯಾಲ ನಡಿಯೋ) ಫೋನ್ ಸಿಸ್ಟಮ್ಮಿಗೆ ಹೋದ್ರ ಫೈಲ್ 8000 ಹರ್ಟ್ಜ್, 16 ಬಿಟ್, ಮೊನೊ ವೇವ್ ಇರ್ಲಿ. ಆಸ್ಟರಿಸ್ಕ್ ಅನ್ನೋ ಫೋನ್ ಸಾಫ್ಟ್‌ವೇರಿನ ಕ್ಯೂನಾಗ ಸರದಿ ನಂಬರ್ ಹೇಳೂದನ್ನ 45 ಸೆಕೆಂಡಿಗೊಮ್ಮೆ ಇಡ್ರಿ, ಆದ್ರ "ಇನ್ನ ಇಷ್ಟು ನಿಮಿಷ" ಅನ್ನೂದನ್ನ ಬಂದ್ ಮಾಡ್ರಿ. ಅದು ಹಿಂದಿನ ಕರೆಗಳ ಸರಾಸರಿ. ಎತ್ತೋರು ಇಬ್ಬರ ಇದ್ದಲ್ಲಿ ಒಂದು ಉದ್ದನ ಮಾತುಕತಿಗೇ ಲೆಕ್ಕ ತಪ್ಪತದ. "ನಿಮ್ಮ ಮುಂದ ಇಬ್ಬರು" ಅನ್ನೂದು ಸುಳ್ಳಾಗಂಗಿಲ್ಲ.