ಸಹಾಯ ಬೇಕು: ಟೊರೆಂಟ್‌ನಲ್ಲಿ ಹಾಕಿದ ಫೈಲ್ ತಂಗಿಗೆ ತಲುಪುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ, ತಂಗಿ ಹಾವೇರಿಯಲ್ಲಿ. ನಮ್ಮ ಅಪ್ಪ ಹಾಡಿದ ಭಜನೆ ಪದಗಳ ಅರವತ್ತು ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಿದ್ದೇನೆ, ಒಟ್ಟು 36 ಜಿಬಿ. ಅಪ್ಪ ಈಗಿಲ್ಲ. ನಡುನಡುವೆ ಅವರು ಕೆಮ್ಮಿ, ‘ಹಾಂ, ಮುಂದ’ ಅನ್ನೋದೂ ಅದರಲ್ಲಿದೆ. ಅದು ತಂಗಿ ಹತ್ತಿರವೂ ಇರಬೇಕು.

ಕಂಪ್ಯೂಟರಿಂದ ಕಂಪ್ಯೂಟರಿಗೆ ನೇರವಾಗಿ ಫೈಲ್ ಹಂಚುವ ಕ್ಯೂಬಿಟ್‌ಟೊರೆಂಟ್ ಅನ್ನೋ ತಂತ್ರಾಂಶದಲ್ಲಿ ಟೊರೆಂಟ್ ಮಾಡಿ, ಅದನ್ನು ಇಳಿಸಿಕೊಳ್ಳುವ ಮ್ಯಾಗ್ನೆಟ್ ಲಿಂಕ್ ಕಳಿಸಿದೆ. ನನ್ನ ಕಡೆ ಸೀಡಿಂಗ್, ಅಂದರೆ ಹಂಚಲು ಸಿದ್ಧ ಅಂತ ತೋರಿಸುತ್ತದೆ. ಅವಳ ಕಡೆ ಮೆಟಾಡೇಟಾ (ಫೈಲ್‌ಗಳ ವಿವರ) ಹುಡುಕುತ್ತಲೇ ನಿಂತಿದೆ, ಪೀರ್ (ಸಂಪರ್ಕಕ್ಕೆ ಸಿಕ್ಕ ಕಂಪ್ಯೂಟರ್) ಸೊನ್ನೆ. ಮೂರು ದಿನ ಆಯ್ತು.

ಕಂಪ್ಯೂಟರ್‌ಗಳು ಒಂದನ್ನೊಂದು ಹುಡುಕಲು ನೆರವಾಗುವ ಟ್ರ್ಯಾಕರ್ ಸೇರಿಸಿದೆ. ಅದೇ ಕೆಲಸ ಮಾಡುವ ಡಿಎಚ್‌ಟಿ ಕೂಡ ಆನ್ ಇದೆ. ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟೆ, ಹೊರಗಿನ ಸಂಪರ್ಕ ನನ್ನ ಕಂಪ್ಯೂಟರಿಗೆ ಬರಲಿ ಅಂತ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಕೂಡ ಮಾಡಿದೆ. ಆದರೂ ಪೋರ್ಟ್ ಮುಚ್ಚಿದೆ ಅಂತಲೇ ಬರುತ್ತದೆ. ರೌಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ಅದಕ್ಕೆ ಕೊಟ್ಟ ವಿಳಾಸ) 100.72ರಿಂದ ಶುರುವಾಗುತ್ತದೆ. 100.64ರಿಂದ 100.127ರವರೆಗಿನದು ಸಿಜಿನ್ಯಾಟ್, ಅಂದರೆ ಒಂದೇ ಪಬ್ಲಿಕ್ ಐಪಿ ಹಲವು ಮನೆಗೆ ಹಂಚಿರುತ್ತಾರೆ ಅಂತ ಓದಿದೆ. ತಂಗಿದು ಮೊಬೈಲ್ ಹಾಟ್‌ಸ್ಪಾಟ್.

ಗೊಂದಲ ಇಲ್ಲೇ. ಉಬುಂಟು (ಉಚಿತ ಆಪರೇಟಿಂಗ್ ಸಿಸ್ಟಮ್) ಟೊರೆಂಟ್ ಇಬ್ಬರಿಗೂ ಸರಾಗವಾಗಿ ಇಳಿಯುತ್ತದೆ. ಅಲ್ಲಿ ಪೋರ್ಟ್ ತೆರೆದಿರುವ ಸೀಡರ್‌ಗಳು ಇರೋದರಿಂದ ನಾವೇ ಹೋಗಿ ಸೇರಿಕೊಳ್ಳುತ್ತೇವೆ, ಇಲ್ಲಿ ಇಬ್ಬರ ಬಾಗಿಲೂ ಮುಚ್ಚಿದೆ, ಅದಕ್ಕೇ ಹೀಗೆ ಅಲ್ವಾ?

ಹಾಗಿದ್ದರೆ ನಾನೊಬ್ಬನೇ ಪಬ್ಲಿಕ್ ಐಪಿ ತಗೊಂಡರೆ ಸಾಕಾ? ಅಥವಾ ಎರಡೂ ಕಡೆ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಆನ್ ಮಾಡಿದರೆ ಖರ್ಚಿಲ್ಲದೆ ಆಗುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.