ಅನಿತಾ ಹಿಲ್ ವಿಚಾರಣೆ: ಇಬ್ಬರೂ ಕಪ್ಪು ಜನ, ಆದರೂ ಜನಾಂಗದ ಮಾತು ಥಾಮಸ್‌ಗೆ ಮಾತ್ರ ಯಾಕೆ?

ಪ್ರಶ್ನೆ
1991ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ನಡೆದ ವಿಚಾರಣೆಯ ವಿಡಿಯೋ ನೋಡುತ್ತಿದ್ದೆ. ಕ್ಲಾರೆನ್ಸ್ ಥಾಮಸ್ ನ್ಯಾಯಮೂರ್ತಿಯಾಗಿ ಸುಪ್ರೀಂ ಕೋರ್ಟ್‌ಗೆ ಹೋಗುವ ಹೊತ್ತು. ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದ್ದ ಅನಿತಾ ಹಿಲ್ ಬಂದು ಲೈಂಗಿಕ ಕಿರುಕುಳದ ಆರೋಪ ಮಾಡುತ್ತಾರೆ. ಥಾಮಸ್ ಎಲ್ಲವನ್ನೂ ಅಲ್ಲಗಳೆದು, ಇದು ‘ಹೈಟೆಕ್ ಲಿಂಚಿಂಗ್’ ಅಂದುಬಿಡುತ್ತಾರೆ. ವಿಚಾರಣೆ ನಡೆಸುತ್ತಿದ್ದ ಸೆನೆಟ್ ಕಮಿಟಿಯವರು ತಣ್ಣಗಾದರು. ಹಿಲ್ ಕೂಡ ಕಪ್ಪು ಮಹಿಳೆಯೇ ಅಲ್ವಾ? ಅವರಿಗೇಕೆ ಅದು ಬಲ ಕೊಡಲಿಲ್ಲ?

ಉತ್ತರ 1
ಲಿಂಚಿಂಗ್ ಅಂದರೆ ಅಲ್ಲಿನವರ ಕಣ್ಣಿಗೆ ಬರುವುದು ಬಿಳಿಯರ ಗುಂಪು ಕಪ್ಪು ಗಂಡಸನ್ನು ಮರಕ್ಕೆ ನೇತುಹಾಕಿದ ದೃಶ್ಯ, ಎಷ್ಟೋ ಸಲ ಬಿಳಿ ಹೆಂಗಸಿನ ಮೈ ಮುಟ್ಟಿದ ಅನ್ನುವ ನೆಪಕ್ಕೆ. ಕಪ್ಪು ಹೆಂಗಸರ ಮೇಲಾದ ಅತ್ಯಾಚಾರಗಳನ್ನು ಯಾರೂ ಹಾಗೆ ನೆನಪಿಟ್ಟುಕೊಳ್ಳಲಿಲ್ಲ. ಹಾಗಾಗಿ ಥಾಮಸ್ ಇಡೀ ಕಪ್ಪು ಜನರ ಪರವಾಗಿ ನಿಂತಂತಾಯಿತು, ಹಿಲ್ ಬರೀ ಹೆಂಗಸಾಗಿ ಉಳಿದರು. ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್ಶಾ 1989ರಲ್ಲೇ ಈ ತೊಡಕಿನ ಬಗ್ಗೆ ಬರೆದು ‘ಇಂಟರ್‌ಸೆಕ್ಷನಾಲಿಟಿ’ (ಜನಾಂಗ, ಲಿಂಗ ಎರಡರ ತಾರತಮ್ಯವೂ ಒಬ್ಬರ ಮೇಲೇ ಒಟ್ಟಿಗೆ ಬೀಳುವುದು) ಅಂತ ಹೆಸರಿಟ್ಟಿದ್ದರು, ಆಮೇಲೆ ಹಿಲ್ ಅವರ ವಕೀಲರ ತಂಡಕ್ಕೂ ನೆರವಾದರು. 1991ರ ನವೆಂಬರ್‌ನಲ್ಲಿ ಸುಮಾರು 1,600 ಕಪ್ಪು ಮಹಿಳೆಯರು ಹೆಸರು ಹಾಕಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ಕೊಟ್ಟದ್ದೂ ಇದೇ ಸಿಟ್ಟಿಗೆ.

ಉತ್ತರ 2
ಸರಿ, ಆದರೆ ಎಲ್ಲವನ್ನೂ ಆ ಒಂದು ಮಾತಿನ ತಲೆಗೆ ಕಟ್ಟಬೇಡಿ. ಕಮಿಟಿಯ 14 ಜನರೂ ಬಿಳಿ ಗಂಡಸರು, ಕಮಿಟಿಯ ಅಧ್ಯಕ್ಷರು ಡೆಮಾಕ್ರಟ್ ಜೋ ಬೈಡನ್. ಏಂಜೆಲಾ ರೈಟ್ ಅನ್ನುವ ಇನ್ನೊಬ್ಬ ಕಪ್ಪು ಮಹಿಳೆ ಥಾಮಸ್ ಬಗ್ಗೆ ಹೇಳಲು ವಾಷಿಂಗ್ಟನ್‌ಗೇ ಬಂದಿದ್ದರು. ಅವರನ್ನು ಮುಂದೆ ಕೂರಿಸಲೇ ಇಲ್ಲ, ಹೇಳಿಕೆಯನ್ನು ಕಡತಕ್ಕೆ ಸೇರಿಸಿ ಕೈ ತೊಳೆದುಕೊಂಡರು. ಅವರು ಟಿವಿ ಮುಂದೆ ಮಾತಾಡಿದ್ದರೆ ‘ಅವಳ ಮಾತಿಗೆ ಇವನ ಮಾತು’ ಅನ್ನುವ ಲೆಕ್ಕವೇ ಕೆಡುತ್ತಿತ್ತು. ಇಡೀ ಸೆನೆಟ್‌ನ ಮತದಾನದಲ್ಲಿ ಥಾಮಸ್ ಗೆದ್ದದ್ದು 52–48ರಲ್ಲಿ. ಮೂರು ವೋಟು ಆಚೆ ಹೋಗಿದ್ದರೆ ಸಾಕಿತ್ತು!

ಉತ್ತರ 3
1992 ಮರೀಬೇಡಿ. ಇಲಿನಾಯ್‌ನಲ್ಲಿ ಥಾಮಸ್ ಪರ ವೋಟು ಹಾಕಿದ್ದ ತಮ್ಮದೇ ಪಕ್ಷದ ಅಲನ್ ಡಿಕ್ಸನ್ ಅವರನ್ನು ಪ್ರೈಮರಿಯಲ್ಲೇ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಸೋಲಿಸಿ, ಕ್ಯಾರಲ್ ಮೋಸ್ಲಿ ಬ್ರೌನ್ ಸೆನೆಟ್‌ನ ಮೊದಲ ಕಪ್ಪು ಮಹಿಳೆಯಾದರು, 1993ರಲ್ಲಿ ಅದೇ ಕಮಿಟಿಗೂ ಸೇರಿದರು. ಆ ಕಮಿಟಿಯ ರಿಪಬ್ಲಿಕನ್ ಕಡೆ ಮಾತ್ರ 2018ರಲ್ಲೂ 11 ಜನ ಗಂಡಸರೇ. ಆಗ ಸುಪ್ರೀಂ ಕೋರ್ಟ್‌ಗೆ ಹೆಸರಿಸಿದ್ದ ಬ್ರೆಟ್ ಕ್ಯಾವನಾ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದ್ದ ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಅವರನ್ನು ಪ್ರಶ್ನಿಸಲು ಅರಿಝೋನಾದಿಂದ ಮಹಿಳಾ ಪ್ರಾಸಿಕ್ಯೂಟರ್ ಒಬ್ಬರನ್ನು ಕರೆಸಿದರು, ಕ್ಯಾವನಾ ಸರದಿ ಬಂದಾಗ ಸ್ವಲ್ಪ ಹೊತ್ತಿಗೇ ಆಕೆಯನ್ನು ಪಕ್ಕಕ್ಕಿಟ್ಟು ಸೆನೆಟರ್‌ಗಳೇ ಶುರುಮಾಡಿದರು. ಸುಮ್ನೆ ತೋರಿಕೆಗೆ ಕರೆಸಿದ್ದು, ನನ್ನ ಪ್ರಕಾರ.

ಪ್ರಶ್ನೆ ಕೇಳಿದವರು
ರೈಟ್ ವಿಷಯ ಗೊತ್ತೇ ಇರಲಿಲ್ಲ. ಆ ಹೇಳಿಕೆ ಓದಲು ಸಿಗುತ್ತದಾ?

ಉತ್ತರ 2
ಸಿಗುತ್ತದೆ. ಸೆನೆಟ್ ಅಚ್ಚು ಹಾಕಿದ ವಿಚಾರಣೆಯ ಸಂಪುಟದಲ್ಲಿದೆ.